ಸೊನ್ನೆ ಕರ್ಚೀಫಿನ ಸಿನಿಮಾ

ನಮ್ಮ ಗಲ್ಲಿಯಲ್ಲಿ ಸಿನಿಮಾದ ಯೋಗ್ಯತೆಯನ್ನು ಅತ್ತು ತೋಯಿಸಿದ ಕರ್ಚೀಫಿನ ಲೆಕ್ಕದಲ್ಲಿ ಹೇಳುವುದು ರೂಢಿ. ಈ ರೂಢಿ ಹಾಕಿದವಳು ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಸಗೀರಾ ಖಾಲಾ. ಚೌಕದ ಟಾಕೀಸಿಗೆ ಹೊಸ ಚಿತ್ರ ಬಂತೆಂದರೆ ಸಾಕು, ಬುರ್ಖಾ ಏರಿಸಿಕೊಂಡು ಹೋಗಿ ಹೆಂಗಸರ ಬಾಲ್ಕನಿಯಲ್ಲಿ ಕೂತು ನೋಡಿ ಬರುತ್ತಿದ್ದಳು. ಮರುದಿನ ನಾವೆಲ್ಲ ಅವಳ ಅಂಗಳದಲ್ಲಿ ಮಲ್‌ಮಲ್ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ ಹಾಕುತ್ತ ಕೂತಾಗ ತೀರ್ಪು ಹೊರಬೀಳುತ್ತಿತ್ತು. ಒಂದು ಕರ್ಚೀಫು ಎಂದರೆ ಬಿಡುವಿದ್ದರೆ ಹೋಗಿ. ಎರಡು ಎಂದರೆ ಗಂಡನ ಕಾಲು ಹಿಡಿದಾದರೂ ಹೋಗಿ. ಮೂರು ಎಂದರೆ ಮನೆಗೆ ಬೆಂಕಿ ಬಿದ್ದರೂ ಹೋಗಿ, ಬಂದ ಮೇಲೆ ಆರಿಸಿದರಾಯಿತು. ಲಖನೌದ ಪೇಪರುಗಳು ಏನು ಬೇಕಾದರೂ ಬರೆದುಕೊಳ್ಳಲಿ, ನಮಗೆ ಖಾಲಾ ಹೇಳಿದ್ದೇ ಹೇಳಿದ್ದು.

ನಗಿಸುವ ಚಿತ್ರಗಳಿಗೆಲ್ಲ ಸೊನ್ನೆ. ಅದೂ ನೋಡದೆಯೇ.

"ನಗೋಕೆ ಟಿಕೇಟ್ ತಗೋಬೇಕೇನೇ?" ಎನ್ನುತ್ತಿದ್ದಳು. "ನಫೀಸಾ ಮೆಟ್ಲು ಹತ್ತೋದು ನೋಡಿದ್ರೆ ಸಾಕು."

ಪಕ್ಕದ ಮನೆಯ ನಫೀಸಾ ಭಾಬಿ ಮೈಕೈ ತುಂಬಿಕೊಂಡ ಹೆಂಗಸು. "ನನ್ನ ಮೆಟ್ಲು ನಿಮಗ್ಯಾಕೆ ಖಾಲಾ!" ಎಂದು ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಈ ತೀರ್ಪನ್ನು ಒಪ್ಪದವನು ಇಡೀ ಗಲ್ಲಿಗೆ ಒಬ್ಬನೇ. ಖಾಲಾಳ ಮಗ ಛುಟ್ಟನ್. ತಂದೆಯನ್ನು ಸಣ್ಣವನಿದ್ದಾಗಲೇ ಕಳೆದುಕೊಂಡವನು, ಅವಳಿಗೆ ಒಬ್ಬನೇ ಒಬ್ಬ. ಟೆಂಪೋ ಓಡಿಸುತ್ತಿದ್ದ. ಚಂಪತ್ ಎಂಬ ಕೋಡಂಗಿ ಕಳ್ಳನ ಒಂದು ಚಿತ್ರವಿತ್ತು, ಅದನ್ನು ಎಷ್ಟು ಸಲ ನೋಡಿದ್ದನೋ ದೇವರಿಗೇ ಗೊತ್ತು. ಚಿತ್ರ ಟಾಕೀಸಿನಿಂದ ಹೋದ ಮೇಲೆ ಕ್ಯಾಸೆಟ್ಟು ತಂದು ಗೆಳೆಯರ ಮನೆಯಲ್ಲಿ ನೋಡುತ್ತಿದ್ದ.

"ಅಮ್ಮೀ, ನನ್ನಾಣೆ, ಒಂದ್ಸಲ ನೋಡು."

"ಸೊನ್ನೆ."

"ನೋಡ್ದೇನೇ ಸೊನ್ನೆನಾ?"

"ಪೋಸ್ಟರ್ ನೋಡಿದೀನಲ್ಲ. ತಲೆ ಮೇಲೆ ಪಾತ್ರೆ ಕವುಚ್ಕೊಂಡು ನಿಂತಿದಾನೆ. ಅದನ್ನ ನೋಡೋಕೆ ನಾನು ಬುರ್ಖಾ ಹಾಕ್ಕೊಂಡು ಹೋಗ್ಬೇಕಾ?"

"ಅದು ಪಾತ್ರೆ ಅಲ್ಲಮ್ಮೀ, ಕಿರೀಟ. ನಿನಗೆ ನಾನು ಹೇಗೆ ತಿಳಿಸಿ ಹೇಳ್ಲಿ!"

ಖಾಲಾ ಹೇಳಿದ್ದಕ್ಕೆ ನಾವು ಯಾರೂ ಅದನ್ನು ನೋಡಲಿಲ್ಲ. ಛುಟ್ಟನ್ ಮಾತ್ರ ಸಿಕ್ಕಸಿಕ್ಕವರಿಗೆ ಅದನ್ನೇ ನೋಡಿ ಅನ್ನುತ್ತಿದ್ದ. ಟೆಂಪೋದಲ್ಲಿ ಕೂತ ಪರಊರಿನವರಿಗೂ ಬಿಡುತ್ತಿರಲಿಲ್ಲವಂತೆ.

ಉದ್ದನೆಯ ಆಳು ಅವನು. ಮನೆಯ ಬಾಗಿಲು ಗಿಡ್ಡ. ಪ್ರತಿ ಬೆಳಿಗ್ಗೆ ಹೊರಡುವಾಗ ಹೊಸ್ತಿಲ ಹತ್ತಿರ ಹೋಗಿ, ತಿರುಗಿ ನಿಂತು, "ಅಮ್ಮೀ ಹುಜೂರ್, ಬಾದಶಹರ ಸವಾರಿ ಹೊರಟಿದೆ. ಏನಪ್ಪಣೆ?" ಎಂದು ತಲೆ ಬಗ್ಗಿಸಿ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದ. ಖಾಲಾ ಸೂಜಿಯಿಂದ ಕಣ್ಣೆತ್ತದೆ, "ತೊಲಗೋ ಕೋಡಂಗಿ, ಬರ್ತಾ ಮೊಸರು ತಾ" ಅನ್ನುವಳು. ಅವನು ನಕ್ಕು ಹೋಗುವನು. ತಲೆ ಬಗ್ಗಿಸುವುದು ಬಾಗಿಲು ಬಡಿಯದಿರಲಿ ಎಂದು, ಅಂತಲೇ ನಾವೆಲ್ಲ ತಿಳಿದಿದ್ದೆವು.

ಆ ದಿನ ಬೆಳಿಗ್ಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಹಿಂದಿನ ದಿನ ಉಳಿದ ಕುರ್ತಾದ ಕೆಲಸ ಮುಗಿಸೋಣವೆಂದು ನಾನು ಬೇಗನೆ ಹೋಗಿ ಅಂಗೀಠಿಯ ಕೆಂಡದ ಮುಂದೆ ಕೂತಿದ್ದೆ. ಛುಟ್ಟನ್ ಬಾಗಿಲು ತೆರೆದು, ಎಂದಿನಂತೆ ತಿರುಗಿ ನಿಂತು, ಬಾದಶಹರ ಸವಾರಿ ಹೊರಟಿದೆ ಅಂದ. ತಲೆ ಬಗ್ಗಿಸಿ ನಿಂತ. ಖಾಲಾಳಿಗೆ ಸೂಜಿಗೆ ದಾರ ಹೋಗುತ್ತಿರಲಿಲ್ಲ. "ಬಾಗಿಲು ಮುಚ್ಕೊಂಡು ಹೋಗೋ, ಚಳಿ ಬರುತ್ತೆ" ಅಂದಳು. ಅವನು ಮುಚ್ಚಿಕೊಂಡು ಹೋದ. ಕಾನಪುರದ ರಸ್ತೆಯಲ್ಲಿ ಎದುರಿಗೆ ಬಂದ ಲಾರಿ ಅವನಿಗೆ ಕಾಣಲೇ ಇಲ್ಲವಂತೆ. ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂದ ಮೇಲೆ ಸುದ್ದಿ ಬಂತು.

ಖಾಲಾ ಅಳಲಿಲ್ಲ. ಹೆಣ ಎತ್ತುವಾಗ ಅಳಲಿಲ್ಲ, ಮೂರನೇ ದಿನದ ಕುರಾನ್ ಓದಿಗೆ ಅಳಲಿಲ್ಲ, ನಲವತ್ತನೇ ದಿನಕ್ಕೂ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಬಾಗಿಲು ಮುಚ್ಚು ಅಂದೆ. ಮುಚ್ಕೊಂಡು ಹೋದ." ಹಾಲಿನವನು ಬಂದು ಹೋದ ಅನ್ನುವ ಹಾಗೆ ಹೇಳುತ್ತಿದ್ದಳು. ಬಾಯಿಗೆ ಅನ್ನ ಇಟ್ಟರೆ ಅಗಿಯುತ್ತಿರಲಿಲ್ಲ, ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ಅವಳು ಹಾಕುತ್ತಿದ್ದ ಕಸೂತಿಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ಸೂಜಿ ಬೆರಳಿಗೆ ಚುಚ್ಚಿಕೊಂಡು ಚುಚ್ಚಿಕೊಂಡು ರಕ್ತ ಬರುತ್ತಿದೆ, ಅವಳಿಗೆ ಗೊತ್ತೇ ಆಗಿಲ್ಲ. ನಾನು ಸೂಜಿ ಕಿತ್ತಿಟ್ಟು ಹಕೀಮರಿಗೆ ಹೇಳಿಕಳಿಸಿದೆ.

ಹಕೀಮರು ಬಂದು ನಾಡಿ ಹಿಡಿದು ನೋಡಿದರು. ಹೊರಗೆ ಬಂದು ನನ್ನ ಹತ್ತಿರ ಹೇಳಿದರು: "ನನ್ನ ಹತ್ರ ಇದಕ್ಕೆ ಮದ್ದಿಲ್ಲ ತಸ್ನೀಮ್. ಹೇಗಾದ್ರೂ ಮಾಡಿ ಆಕೆನ ಅಳಿಸಿ. ಹೀಗೇ ಒಣಗ್ತಾ ಹೋದ್ರೆ ಈ ಚಳಿಗಾಲ ದಾಟಲ್ಲ."

ಅಳಿಸಬೇಕು! ಯಾರನ್ನು? ಊರನ್ನೆಲ್ಲ ಅಳಿಸಿದವಳನ್ನು. ನನಗೆ ಹೊಳೆದದ್ದು ಒಂದೇ ದಾರಿ. ನಫೀಸಾ ಭಾಬಿಯನ್ನೂ ಎದುರು ಮನೆಯ ರಸ್ತೋಗಿ ಚಾಚಿಯನ್ನೂ ನಮ್ಮ ಮನೆಗೆ ಕರೆದೆ. ಬಾಡಿಗೆಗೆ ವಿಸಿಆರ್ ತರೋಣ, ಟಿವಿ ಚಾಚಿಯದು ಇದೆ. ಯಾವ ಚಿತ್ರ ತರೋಣ, ಹೇಳಿ ಎಂದೆ.

"ಕುರುಡಿ ತಾಯಿದು," ಎಂದಳು ನಫೀಸಾ, ಯೋಚಿಸದೆಯೇ. "ಕೊನೇಲಿ ಮಗನ ಮುಖ ಸವರಿ ಗುರುತು ಹಿಡೀತಾಳಲ್ಲ. ಅಯ್ಯೋ, ಅದಕ್ಕೆ ಅತ್ತಷ್ಟು ನಾನು ನಮ್ಮಪ್ಪ ಸತ್ತಾಗ್ಲೂ ಅತ್ತಿಲ್ಲ."

"ಅದ್ರಲ್ಲಿ ಮಗ ಸಾಯಲ್ವಲ್ಲೇ," ಎಂದಳು ಚಾಚಿ. "ಜಡ್ಜ್ ಆದ ಮಗ ತಾಯಿಗೇ ಶಿಕ್ಷೆ ಕೊಡೋದು ತನ್ನಿ. ಕಟಕಟೆಯಲ್ಲಿ ನಿಂತ್ಕೊಂಡು 'ಮಗ ಸ್ವೆಟರ್ ಹಾಕ್ಕೊಂಡಿಲ್ಲ' ಅಂತ ಅವಳು ಯೋಚಿಸ್ತಾಳೆ. ಆ ಒಂದು ಸೀನು ಸಾಕು, ಕಲ್ಲೂ ಕರಗುತ್ತೆ."

"ಖಾಲಾ ಅದಕ್ಕೆ ಎರಡೇ ಕೊಟ್ಟಿದ್ದು," ಎಂದಳು ನಫೀಸಾ.

"ಎರಡೂವರೆ! ನಂಗೆ ನೆನಪಿದೆ. ನೀನು ಆವತ್ತು ತವರಿಗೆ ಹೋಗಿದ್ದೆ."

ನನ್ನದು ಸಿಪಾಯಿಯ ತಾಯಿಯ ಚಿತ್ರ. ಅದಕ್ಕೆ ಖಾಲಾ ಮೂರು ಕೊಟ್ಟಿದ್ದಳು, ಕೊಟ್ಟು ಎರಡು ದಿನ ಅಡಿಗೆ ಮಾಡಿರಲಿಲ್ಲ. ಮಾತಿಗೆ ಮಾತು ಬೆಳೆಯಿತು, ಮೂವರಿಗೂ ತಮ್ಮ ತಮ್ಮ ಚಿತ್ರವೇ ಹೆಚ್ಚು. ಕಡೆಗೆ ನಾನು ಜೋರು ಮಾಡಿ ಮೂರನ್ನೂ ತರುತ್ತೇನೆ, ಬಾಯಿ ಮುಚ್ಚಿ ಎಂದೆ.

ಖಾಲಾಳ ಮೈದುನ ಶಬ್ಬೀರ್ ಮಿಯಾಗೆ ವಿಷಯ ಹೇಗೋ ಗೊತ್ತಾಯಿತು. ಗಲ್ಲಿಯಲ್ಲೇ ತಡೆದು ನಿಲ್ಲಿಸಿದ. "ಸತ್ತ ಮನೇಲಿ ಸಿನಿಮಾನಾ? ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ ಭಾಯಿಜಾನ್. ಆದ್ರೆ ಇನ್ನೊಂದು ಹೆಣ ಎತ್ತೋದಕ್ಕಿಂತ ನಾಚಿಕೆಪಡೋದು ಒಳ್ಳೇದು."

ಅವನು ದಾರಿ ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ತಾನೇ ಬಂದು ಚಾಚಿಯ ಟಿವಿಯನ್ನು ಹೊತ್ತು ತಂದು ಖಾಲಾಳ ಮನೆಯಲ್ಲಿಟ್ಟು ಹೋದ. ಪಾಪ, ಒಳ್ಳೆಯವನೇ.

ವಿಸಿಆರ್ ಅಂಗಡಿಯವನು ಮೂರು ಕ್ಯಾಸೆಟ್ಟು ಕೊಟ್ಟು, ಯಾರಿಗೆ ಎಂದು ಕೇಳಿದ. ಹೇಳಿದೆ. ಅವನು ಕಪಾಟಿನಿಂದ ಇನ್ನೊಂದು ತೆಗೆದು ಮೇಲಿಟ್ಟ. ಡಬ್ಬದ ಮೇಲೆ ಆ ಪಾತ್ರೆ ತಲೆಯ ಚಂಪತ್. "ಛುಟ್ಟನ್ ಭಾಯಿದು ಇದು. ಅವನ ಬಿಟ್ಟು ಬೇರೆ ಯಾರೂ ತಗೊಂಡು ಹೋಗ್ತಿರ್ಲಿಲ್ಲ." ಬೇಡವೆನ್ನಲು ನಾಲಿಗೆ ಬರಲಿಲ್ಲ. ಎಲ್ಲಕ್ಕಿಂತ ಕೆಳಗೆ ಸೇರಿಸಿ ತಂದೆ.

ಬೆಳಿಗ್ಗೆಯೇ ಶುರು ಮಾಡಿದೆವು. ಖಾಲಾ ರಜಾಯಿ ಹೊದ್ದು ಗೋಡೆಗೆ ಒರಗಿ ಕೂತಳು. ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಕುರುಡಿ ತಾಯಿ ಮಗನ ಮುಖ ಸವರಿದಳು. ನಫೀಸಾ ಗೊಳೋ ಎಂದು ಅತ್ತಳು. ಜಡ್ಜ್ ಮಗನಿಗೆ ಸ್ವೆಟರ್ ಇರಲಿಲ್ಲ. ಚಾಚಿ ಬಿಕ್ಕಿದಳು. ಸತ್ತ ಸಿಪಾಯಿಯ ಪೆಟ್ಟಿಗೆ ಮನೆಗೆ ಬಂತು, ನನ್ನ ಕಣ್ಣಿಗೆ ಪರದೆ ಕಾಣದ ಹಾಗಾಯಿತು. ತಿರುಗಿ ನೋಡಿದರೆ ಖಾಲಾ ತನ್ನ ಒಣ ಕಣ್ಣು ನಮ್ಮ ಮೇಲಿಟ್ಟು, ಹಳೆಯ ಅಭ್ಯಾಸದಂತೆ ಒಬ್ಬೊಬ್ಬರಿಗೂ ಕರ್ಚೀಫು ಕೊಡುತ್ತಿದ್ದಾಳೆ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಯಾರಿಗಾಗಿ ಇದೆಲ್ಲ ಮಾಡಿದೆವೋ ಅವಳೇ ನಮ್ಮ ಕಣ್ಣೀರು ಒರೆಸುತ್ತಿದ್ದಳು.

"ಮುಗೀತಾ?" ಎಂದಳು.

"ಮುಗೀತು ಖಾಲಾ."

"ಅಲ್ಲೊಂದು ಇದೆಯಲ್ಲ?"

ನಫೀಸಾ ಡಬ್ಬವನ್ನು ಸೆರಗಿನಿಂದ ಮುಚ್ಚಲು ನೋಡಿದಳು. ಖಾಲಾ ಬಗ್ಗಿ ಎಳೆದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಕಿರೀಟ ಅಂತಿದ್ದ," ಎಂದಳು. "ಹಾಕು."

ಹಾಕಿದೆ. ನಿಜ ಹೇಳಲೇ? ಕೆಟ್ಟ ಚಿತ್ರ. ಕಥೆಗೆ ತಲೆ ಇಲ್ಲ, ಬಾಲ ಇಲ್ಲ. ಚಂಪತ್ ಎಂಬವನು ಓಡುತ್ತಾನೆ, ಬೀಳುತ್ತಾನೆ, ಸೆಗಣಿಯಲ್ಲಿ ಕೂರುತ್ತಾನೆ. ನಮಗೆ ನಗುವೂ ಬರಲಿಲ್ಲ. ಆಮೇಲೆ ಚಂಪತ್‌ನ ಮನೆ ಬಂತು. ಮುರುಕು ಗುಡಿಸಲು, ಬೇಳೆ ಆರಿಸುತ್ತ ಕೂತ ತಾಯಿ. ಚಂಪತ್ ಕಳ್ಳತನಕ್ಕೆ ಹೊರಟು, ಪಾತ್ರೆಯೊಂದನ್ನು ತಲೆಗೆ ಕವುಚಿಕೊಂಡು, ಹೊಸ್ತಿಲ ಹತ್ತಿರ ತಿರುಗಿ ನಿಂತ.

"ಅಮ್ಮೀ ಹುಜೂರ್, ಬಾದಶಹರ ಸವಾರಿ ಹೊರಟಿದೆ. ಏನಪ್ಪಣೆ?"

ಖಾಲಾಳ ಕೈ ನನ್ನ ಮೊಣಕೈ ಹಿಡಿಯಿತು.

ಚಂಪತ್ ತಲೆ ಬಗ್ಗಿಸಿ ನಿಂತ. ತಾಯಿ ಎದ್ದು ಬಂದಳು. ಪಾತ್ರೆ ತೆಗೆದು ಅವನ ನೆತ್ತಿಗೆ ಮೆಲ್ಲಗೆ ಒಂದು ಕೊಟ್ಟಳು. "ಹೋಗಿ ಬಾ ಬಾದಶಾ. ಕತ್ತಲಾಗೋದ್ರೊಳಗೆ ಬಂದ್ಬಿಡು. ತಡ ಮಾಡಿದ್ರೆ ನಿನ್ನ ಸಿಂಹಾಸನ ಬೆಕ್ಕಿಗೆ ಕೊಟ್ಬಿಡ್ತೀನಿ." ಅವನು ಹಲ್ಲು ಕಿರಿದು ಓಡಿದ.



"ಹಿಂದಕ್ಕೆ ಹಾಕು," ಎಂದಳು ಖಾಲಾ.

ಹಿಂದಕ್ಕೆ ಓಡಿಸಿದೆ. ಮತ್ತೆ ಚಂಪತ್ ತಿರುಗಿ ನಿಂತ, ತಲೆ ಬಗ್ಗಿಸಿದ, ತಾಯಿ ಎದ್ದು ಬಂದಳು.

"ಇನ್ನೊಂದ್ಸಲ."

ಈ ಸಲ ಪರದೆಯ ತಾಯಿ ಬಾಯಿ ತೆರೆಯುವ ಮೊದಲೇ ಖಾಲಾ ಹೇಳಿದಳು. "ಹೋಗಿ ಬಾ ಬಾದಶಾ..." ಮುಂದಿನ ಮಾತು ಬರಲಿಲ್ಲ. "ತಸ್ಸೋ, ಅವನು ಕಾಯ್ತಿದ್ನೇ! ದಿನಾ ಕಾಯ್ತಿದ್ದ. ನಾನು ಇಷ್ಟೇ ಹೇಳ್ಬೇಕಾಗಿತ್ತು. ಇಷ್ಟೇ ಇಷ್ಟು. ನಾನು ಮೊಸರು ತಾ ಅಂತಿದ್ದೆ. ಅಯ್ಯೋ ನನ್ನ ಕಂದಾ, ಬಾಗಿಲು ಮುಚ್ಚು ಅಂದೆನಲ್ಲೋ!" ಎಂದು ಎದೆ ಬಡಿದುಕೊಂಡಳು. ಆ ಅಳು ಗಲ್ಲಿಯ ತುದಿಯವರೆಗೂ ಕೇಳಿಸಿತಂತೆ. ಶಬ್ಬೀರ್ ಮಿಯಾ ಅಂಗಳದಲ್ಲಿ ಬಂದು ನಿಂತು, ಒಳಗೆ ಬರದೆ, ತಾನೂ ಅತ್ತ. ನಾವು ಕೊಟ್ಟ ಕರ್ಚೀಫನ್ನು ಖಾಲಾ ಮುಟ್ಟಲಿಲ್ಲ. ಕಣ್ಣೀರು ಸುರಿದು ರಜಾಯಿ ತೋಯ್ದುಹೋಯಿತು. ಹಕೀಮರು ಹೇಳಿದ್ದು ಆಯಿತು ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಂಥ ಅಳು ನನ್ನ ಶತ್ರುವಿಗೂ ಬೇಡ.

ಸಂಜೆಯಾಗುತ್ತಿದ್ದಂತೆ ಅವಳು ಎರಡು ತುತ್ತು ಖಿಚಡಿ ತಿಂದಳು, ಅಗಿದು ನುಂಗಿದಳು. ಚಾಚಿ ದುಪಟ್ಟಾದಿಂದ ಅವಳ ಬಾಯಿ ಒರೆಸಿದಳು.

"ನೋಡ್ರೇ," ಎಂದಳು ಖಾಲಾ. "ನೀವೆಲ್ಲ ಅದನ್ನ ನೋಡಿ. ಛುಟ್ಟನ್ ಹೇಳಿದ್ದ ಅಂತ ನೋಡಿ."

ಶಬ್ಬೀರ್ ಮಿಯಾ ಟಿವಿ ಹೊತ್ತುಕೊಂಡು ಹೊರಟ. ಹೋಗುವಾಗ ಬಾಗಿಲು ಹಾರು ಹೊಡೆದೇ ಉಳಿಯಿತು. ಹೊರಗೆ ಮತ್ತೆ ಮಂಜು ಇಳಿಯುತ್ತಿತ್ತು, ತಣ್ಣನೆಯ ಗಾಳಿ ನೇರ ಖಾಲಾಳ ಮುಖಕ್ಕೇ ಹೊಡೆಯುತ್ತಿತ್ತು. ಮುಚ್ಚೋಣವೆಂದು ನಾನು ಎದ್ದೆ.

"ಬೇಡ ತಸ್ಸೋ," ಎಂದಳು ಅವಳು, ಹೊಸ್ತಿಲನ್ನೇ ನೋಡುತ್ತ. "ತೆರೆದೇ ಇರ್ಲಿ. ಚಳಿ ಬರ್ಲಿ."