ತುಟಿಯಕ್ಕನ ತೀರ್ಪು

ಕಾರ್ಖಾನೆಯವರೆಲ್ಲ ಎದ್ದು ನಿಂತು ಆಲಿಸಬೇಕಾದಂಥ ಒಂದು ಘನ ನಿರ್ಣಯ ಸೋಮವಾರ ಜಾರಿಗೆ ಬಂತು: ಹೆಂಗಸರ ಸಾಲಿನ ಕುರ್ಚಿಗಳಿಗೆ ಇನ್ನು ಒರಗುವ ಹಲಗೆ ಇರತಕ್ಕದ್ದಲ್ಲ. ಬಡಗಿ ಗರಗಸ ತಂದು ಎಲ್ಲವನ್ನೂ ಕೊಯ್ದು ಹಾಕಿದ.

“ಒರಗಿ ತೂಕಡಿಸೋಕೆ ಇದೇನು ನಿಮ್ಮತ್ತೆ ಮನೇನಾ, ಸೋಮಾರಿ ಮುಂಡೇವಾ?” ಎಂದು ಮೇಸ್ತ್ರಿ ನಿರ್ಣಯದ ತಾತ್ಪರ್ಯ ವಿವರಿಸಿದ.

ಅಲ್ಲಿ ತಯಾರಾಗುತ್ತಿದ್ದುದು ಬೆನ್ನುನೋವಿನವರು ಕಟ್ಟಿಕೊಳ್ಳುವ ಗಾಳಿಪಟ್ಟಿ. ಸೊಂಟಕ್ಕೆ ಬಿಗಿದು ಗುಂಡಿ ಒತ್ತಿದರೆ ಒಳಗಿನ ಚೀಲಗಳಿಗೆ ಗಾಳಿ ತುಂಬಿ, ಬಾಗಿದ ಬೆನ್ನನ್ನು ಯಾರೋ ಹಿಂದಿನಿಂದ ಹಿಡಿದೆತ್ತಿದ ಹಾಗಾಗುತ್ತಿತ್ತು. ಚೀಲದ ಸೋರಿಕೆ ಹಿಡಿಯಲು ಯಂತ್ರವೊಂದಿತ್ತು. ಕೆಟ್ಟು ಮೂರು ವರ್ಷವಾಗಿತ್ತು. ಅದರ ಜಾಗದಲ್ಲಿ ಕೂತವಳೇ ತುಟಿಯಕ್ಕ. ಉಬ್ಬಿದ ಚೀಲದ ಅಂಚಿನುದ್ದಕ್ಕೂ ಒದ್ದೆ ತುಟಿ ಆಡಿಸುವಳು. ತಣ್ಣಗಾದರೆ ಸೋರಿಕೆ, ಇಲ್ಲದಿದ್ದರೆ ಪಾಸು. ದಿನಕ್ಕೆ ನಾನೂರು ಚೀಲ, ನಾನೂರು ಸಲ ಬಗ್ಗುವುದು.

“ಸಾರ್, ನನ್ನ ಕುರ್ಚಿಗಾದ್ರೂ ಹಲಗೆ ಹಾಕ್ಸಿ. ಸೊಂಟ ಬಿದ್ದೋಗಿದೆ.”

“ಸಂಬಳ ಕೊಡೋದು ನಿನ್ನ ತುಟಿಗೆ ಕಣೇ. ಸೊಂಟ ಕಟ್ಕೊಂಡು ನನಗೇನಾಗಬೇಕು?”

ಗುರುವಾರ ಬೆಳಗ್ಗೆ ಪಟ್ಟಿ ಕೊಳ್ಳುವ ಆಸ್ಪತ್ರೆಯ ಡಾಕ್ಟರು ಬಂದರು. ನಿಜವಾದ ನೋವಿರುವವರಿಗೆ ಕಟ್ಟಿ ನೋಡಬೇಕೆಂದರು. ಮೇಸ್ತ್ರಿಗೆ ಆ ಸೊಂಟದ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

“ಬಾಮ್ಮಾ, ಬಾ. ಪಾಪ, ಬಹಳ ನರಳ್ತಾಳೆ ಡಾಕ್ಟ್ರೇ.”

ಪಟ್ಟಿ ಬಿಗಿದರು. ಗಾಳಿ ಏರಿತು. ಎಷ್ಟೋ ತಿಂಗಳ ಮೇಲೆ ತುಟಿಯಕ್ಕನಿಗೆ ಕಿಟಕಿಯಾಚೆಯ ರಸ್ತೆ ಕಂಡಿತು.

“ಹೇಗಿದೆಯಮ್ಮಾ?”

“ಬಿಚ್ಚೋಕೆ ಮನಸ್ಸೇ ಬರಲ್ಲ ಸ್ವಾಮಿ.”

ಡಾಕ್ಟರು ಸಂತೋಷಪಟ್ಟು ಅದನ್ನೇ ಬರೆದುಕೊಂಡರು. ಅವರ ಕಾರು ಗೇಟು ದಾಟಿದ್ದೇ ತಡ, ಮೇಸ್ತ್ರಿ ಗಾಳಿ ಬಿಟ್ಟು ಪಟ್ಟಿ ಕಿತ್ತುಕೊಂಡ. “ಸಾಕು ನಿನ್ನ ಮಹಾರಾಣಿ ವೇಷ. ಐದು ಗಂಟೆಗೆ ಲಾರಿ ಬರುತ್ತೆ, ಕೂತ್ಕೊಳ್ಳೇ.”

ಕೂತಳು. ಒಂದು ಚೀಲಕ್ಕೆ ತುಟಿ ಇಟ್ಟಳು. “ಸೋರ್ತಿದೆ.” ಇನ್ನೊಂದು. “ಇದೂ.” ಮಧ್ಯಾಹ್ನದ ಹೊತ್ತಿಗೆ ಫೇಲಾದವುಗಳ ಬುಟ್ಟಿ ತುಂಬಿ ಹೊರಚೆಲ್ಲಿತು, ಪಾಸಿನ ಬುಟ್ಟಿಯಲ್ಲಿ ಒಂದು ನೊಣ ಮಾತ್ರ ಇತ್ತು.

ಮೇಸ್ತ್ರಿ ಒಂದು ಚೀಲ ಕಸಿದು ತನ್ನ ತುಟಿಗೇ ಹಿಡಿದ. ಹೊಗೆಸೊಪ್ಪಿಗೆ ಮರಗಟ್ಟಿದ ತುಟಿ, ಅದಕ್ಕೇನು ತಿಳಿದೀತು?

“ನಿನ್ನ ವಂಶ ಹಾಳಾಗ! ಬೇಕಂತಲೇ ಆಟ ಆಡ್ತಿದೀಯ!”

“ಅಯ್ಯೋ, ಇಲ್ಲ ಸಾರ್. ಸೊಂಟ ನೋಯ್ತಿದ್ರೆ ತುಟಿಗೆ ಎಲ್ಲಾ ತಣ್ಣಗೇ ಅನ್ಸುತ್ತೆ. ಅನುಮಾನ ಇದ್ರೆ ಪಾಸು ಅಂತ ನೀವೇ ರುಜು ಹಾಕಿ.”

ಮೇಸ್ತ್ರಿ ಪೆನ್ನು ತೆಗೆದ. ನಾಳೆ ಯಾವನೋ ರೋಗಿ ಮುಗ್ಗರಿಸಿದರೆ ಯಾರ ಕುತ್ತಿಗೆಗೆ ಬರುತ್ತದೆಂದು ಲೆಕ್ಕ ಹಾಕಿ, ಮತ್ತೆ ಜೇಬಿಗಿಟ್ಟ.

“ಅಕ್ಕಾ, ಹಲಗೆ ಮತ್ತೆ ಹೊಡೆಸಿದ್ರೆ ತುಟಿ ಸರಿಹೋಗುತ್ತಾ?” ಪಕ್ಕದವಳು ತಲೆ ಎತ್ತದೆ ಕೇಳಿದಳು.

“ಎಲ್ಲರ ಕುರ್ಚಿಗೂ ಹೊಡೆಸಿದ್ರೆ ಸರಿಹೋಗಬಹುದು ಕಣಮ್ಮಾ. ತುಟೀನೇ ಕೇಳಿ ನೋಡ್ತೀನಿ.”

ಸಾಲಿನುದ್ದಕ್ಕೂ ನಗು ಹರಿಯಿತು. ಮೇಸ್ತ್ರಿ ಮಾತ್ರ ಬಡಗಿಯನ್ನು ಕರೆಸಲಿಲ್ಲ.

ಐದಕ್ಕೆ ಲಾರಿ ಬಂತು. ಖಾಲಿ ಹೋಯಿತು.