ಅಖ್ತರ್ ಬೇಗಂ ಸ್ನಾನ

ಸ್ಟೀಲ್ ಮೇಜಿಗೆ ಅಂಟಿದ್ದ ಪ್ಲಾಸ್ಟಿಕ್ ಹಾಳೆಯ ಕೊನೆಯ ತುಂಡನ್ನು ಶಿರೀನ್ ತಾಜ್ ಉಗುರಿನಿಂದ ಕಿತ್ತಳು. ಅಜ್ಜಂಪುರದ ಮಸೀದಿಯ ಹಿಂದೆ ಹೆಂಗಸರ ಶವಸ್ನಾನಕ್ಕೆಂದು ಕಟ್ಟಿದ ಹೊಸ ಕೋಣೆ ಅದು. ಗುಡಿ, ಮಸೀದಿ, ಚರ್ಚು ಎನ್ನದೆ ರಾಜ್ಯದ ಎಲ್ಲ ಕಡೆಗೂ ಕೊಡುವ ಬೆಂಗಳೂರಿನ ಒಂದು ಖಾಸಗಿ ಟ್ರಸ್ಟ್ ಅದಕ್ಕೆ ಹಣ ಕೊಟ್ಟಿತ್ತು. ಉದ್ಘಾಟನೆಗೆ ಇನ್ನೂ ಎಂಟು ದಿನವಿರುವಾಗ, ಊರಿನ ಸತ್ತ ಹೆಂಗಸರನ್ನೆಲ್ಲ ತೊಳೆದು ಕಳಿಸುತ್ತಿದ್ದ ಅಖ್ತರ್ ಬೇಗಂ ತಾವೇ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಿದ್ದರು.

"ಮುಗೀತೇನಮ್ಮ?" ಕಮಿಟಿಯ ಕಾರ್ಯದರ್ಶಿ ಸಿಕಂದರ್ ಬಾಗಿಲಾಚೆಯಿಂದ ಕೇಳಿದ. "ಮಯ್ಯತ್ ಒಳಗೆ ತರೋಕ್ಮುಂಚೆ ಖಾಲಿ ರೂಮಿಂದು ಒಂದು ಫೋಟೋ ಹೊಡ್ಕಂಡ್ಬಿಡ್ತೀನಿ. ಟ್ರಸ್ಟಿನೋರು ಕೇಳ್ತಾರೆ."

ಅಂಗಳದಲ್ಲಿ ಮಲ್ಲಿಕಾಂಬ ಮೂಗೊರೆಸಿಕೊಂಡರು. ಸ್ಟೇಷನ್ ರಸ್ತೆಯಲ್ಲಿ ಅಖ್ತರ್ ಬೇಗಂ ಪಕ್ಕದಲ್ಲೇ ಕೂತು ಮಂಡಕ್ಕಿ ಮಾರುತ್ತಿದ್ದವರು ಅವರು. "ಹೊಡ್ಕಳಪ್ಪಾ. ನಮ್ಮ ಗುಡಿ ಅಡುಗೆಮನೆಗೂ ಅವ್ರೇ ಕೊಟ್ಟಿದ್ದು. ದೇವ್ರಿಗಿಂತ ದೊಡ್ಡ ಬೋರ್ಡು ಹಾಕ್ಸಿದ್ರು."

ಯಾರೋ ನಗಲು ಹೋಗಿ ಸೆರಗು ಬಾಯಿಗೊತ್ತಿಕೊಂಡರು.

ಸಿಕಂದರ್ ಒಂದು ಫಾರಂ ಒಳಗೆ ಚಾಚಿದ. "ಇದನ್ನ ತೊಳೆದೋರೇ ತುಂಬಿ ಸಹಿ ಹಾಕ್ಬೇಕಂತೆ. ಖಾಲಿ ಬಿಟ್ರೆ ಮುಂದಿನ ಕಂತು ಬರಲ್ಲ. ಚಾವಣಿ ಹಾಕಿದೋರಿಗೆ ಇನ್ನೂ ಅರ್ಧ ದುಡ್ಡು ಬಾಕಿ ಐತೆ, ನೋಡು."

ಅಷ್ಟರಲ್ಲಿ ಅಖ್ತರ್ ಬೇಗಂ ಮಗಳು ರುಬೀನಾ ಕಡೂರಿನ ಬಸ್ಸಿಳಿದು ಬಂದಳು. ಚಪ್ಪಲಿ ಬಿಟ್ಟವಳು ನೇರ ಕೋಣೆಯ ಬಾಗಿಲಿಗೇ ಬಂದಳು.

"ಬೇಡ ಅಕ್ಕ," ಎಂದಳು ಶಿರೀನ್. ಯಾರ ಮುಂದೆಯೂ ತಲೆಯೆತ್ತದ ಹುಡುಗಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ನ ತಾಯಿ ಕಣೇ."

"ಖಾಲಾನೇ ಹೇಳಿದ್ರು." ಅಖ್ತರ್ ಬೇಗಂರನ್ನು ಅವಳು ಖಾಲಾ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. "ತೊಳೆಯೋಕೆ ನೀನು, ನೀರು ಹಾಕೋಕೆ ಕಣ್ಣು ಕಾಣದ ಅಜ್ಜಿ ಸಾಕು, ರುಬೀನಾ ಬರೋದು ಬೇಡ ಅಂತ."

ರುಬೀನಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಂಟನೇ ಕ್ಲಾಸಿಗೆ ಇಸ್ಕೂಲ್ ಬಿಟ್ಟೋಳು ನಮ್ಮಮ್ಮಿಗೆ ಬೇಕು. ನಾನು ಬೇಡ. ಸರಿ ಬಿಡು."

* * *

ಟ್ರಸ್ಟಿನಿಂದ ಬಂದಿದ್ದ ಮಾಯಾ ಒಳ್ಳೆಯವಳು. ಕೋಣೆ ಕಟ್ಟುತ್ತಿದ್ದಾಗ ಒಮ್ಮೆ ಸ್ಟೇಷನ್ ರಸ್ತೆಯಲ್ಲಿ ಅಖ್ತರ್ ಬೇಗಂ ಮಾರುತ್ತಿದ್ದ ಮಂಡಕ್ಕಿ ಮೂಟೆಗೆ ಒರಗಿ ಕೂತು ಇದೇ ಫಾರಂ ತೋರಿಸಿದ್ದಳು. "ಹೆಸರು, ವಯಸ್ಸು, ಸಾವಿನ ಕಾರಣ, ಮೈಮೇಲೆ ಕಂಡ ಗುರುತು. ಇಷ್ಟೇ. ಹೆಂಗಸರು ಯಾವ ಕಾಯಿಲೆ ಮುಚ್ಚಿಟ್ಕೊಂಡು ಸಾಯ್ತಿದ್ದಾರೆ ಅಂತ ಗೊತ್ತಾಗ್ಬೇಕಲ್ವಾ? ಕೆಲವು ತಾಯಿಂದ ಮಗಳಿಗೂ ಬರುತ್ತೆ. ಬೇಗ ಗೊತ್ತಾದ್ರೆ ಉಳಿಸಬಹುದು."

"ಸತ್ತೋರು ನಂಬಿ ಮೈ ಕೊಟ್ಟಿರ್ತಾರಮ್ಮ," ಎಂದಿದ್ದರು ಅಖ್ತರ್ ಬೇಗಂ. "ಅಲ್ಲಿ ಕಂಡಿದ್ದು ಅಲ್ಲೇ ಮಣ್ಣಾಗ್ಬೇಕು. ನಾನು ಹೇಳ್ಕಂಡು ತಿರುಗಿದ್ರೆ ನಾಳೆ ನನ್ನ ಮಾನ ಮುಚ್ಚೋರು ಯಾರು?"

ಶಿರೀನ್ ಪಕ್ಕದಲ್ಲಿ ಕಡಲೆ ಆರಿಸುತ್ತಿದ್ದಳು. ಶಾಲೆ ಬಿಟ್ಟ ವರ್ಷದಿಂದಲೂ ಖಾಲಾ ಹಿಂದೆ ನೀರು ಹೊಯ್ಯಲು ಹೋಗುತ್ತಿದ್ದವಳು. ಕೆಲಸ ಮುಗಿಸಿ ಹೊರಬಂದಾಗ ನೆಂಟರು ಸುತ್ತುವರಿದರೆ ಖಾಲಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಮುಖ ಚೆನ್ನಾಗಿತ್ತು." ಸೀಮೆಎಣ್ಣೆ ಸುರಿದುಕೊಂಡು ಸತ್ತವಳ ತಾಯಿಗೂ ಅದೇ ಮಾತು.

ಒಮ್ಮೆ ಪಂಚನಹಳ್ಳಿಯ ಹೆಂಗಸೊಬ್ಬಳನ್ನು ತೊಳೆಯುವಾಗ ಚಾದರದ ಕೆಳಗೆ ಖಾಲಾ ಕೈ ಎದೆಯ ಹತ್ತಿರ ನಿಂತುಬಿಟ್ಟಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಸೆರಗಿನ ಮರೆಯಲ್ಲಿ ತಮ್ಮ ಎಡ ಎದೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಆಮೇಲಿನ ಮಳೆಗಾಲದಿಂದ ಎಡಗೈ ಎತ್ತುವುದನ್ನು ಬಿಟ್ಟರು. ಕೇಳಿದರೆ, "ವಾಯು ಕಣೇ," ಎನ್ನುತ್ತಿದ್ದರು. ಶಿರೀನ್ ನಂಬಿದ್ದಳು.

* * *

ಬೋರೆ ಎಲೆ ಹಾಕಿ ಕಾಯಿಸಿದ ನೀರು ಹದವಾಗಿತ್ತು. ಕುತ್ತಿಗೆಯಿಂದ ಮೊಣಕಾಲಿನವರೆಗೆ ಚಾದರ ಹೊದಿಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಶಿರೀನ್ ಬಲಭಾಗ ಮುಗಿಸಿದಳು. ಎಡಕ್ಕೆ ಬಂದಾಗ ಎದೆಗೆ ಬಿಗಿದು ಸುತ್ತಿದ ಹಳೇ ಸೀರೆಯ ಪಟ್ಟಿ ಕೈಗೆ ಸಿಕ್ಕಿತು. ಎಳೆದರೆ ಬರಲಿಲ್ಲ. ಮೈಗೆ ಅಂಟಿಕೊಂಡಿತ್ತು.

"ಅಜ್ಜೀ, ಇಲ್ಲೇ ನೀರು ಬಿಡಿ. ನಿಧಾನ."

ಪಟ್ಟಿ ನೆನೆದು ಬಿಟ್ಟುಕೊಂಡಿತು. ಅದರಡಿ ಮಾಂಸ ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಕಡೆ ಒಡೆದಿತ್ತು. ಇನ್ನೂ ನೋವಾದೀತೇನೋ ಎಂಬಂತೆ ಶಿರೀನ್ ಬೆರಳ ತುದಿಯಿಂದ ತೊಳೆದಳು.

"ಏನೇ, ತಡ?" ಎಂದಳು ಮುದುಕಿ.

"ಏನಿಲ್ಲ."

ಹತ್ತಿ ಇಟ್ಟು, ಕರ್ಪೂರ ಉದುರಿಸಿ, ಬಿಳಿ ಕಫನ್ ಬಟ್ಟೆಯ ಎದೆಪಟ್ಟಿ ಕಟ್ಟಿದಳು. ಆಮೇಲೆ ಕೈ ಒರೆಸಿಕೊಂಡು ಫಾರಂ ತೆಗೆದಳು. ಸಾವಿನ ಕಾರಣದ ಮುಂದೆ 'ವಯಸ್ಸು' ಎಂದೂ, ಗುರುತಿನ ಮುಂದೆ 'ಇಲ್ಲ' ಎಂದೂ ದುಂಡಗೆ ಬರೆದು ಸಹಿ ಹಾಕಿದಳು. ಸಿಕಂದರ್ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಮುಖ ನೋಡುವವರೆಲ್ಲ ನೋಡಿದರು. ಗಂಡಸರು ಜನಾಜಾ ಎತ್ತಿಕೊಂಡು ಗೇಟು ದಾಟಿದರು. ರುಬೀನಾ ಹಿಂದೆ ಓಡಲಿಲ್ಲ. ಶಿರೀನಳ ತೋಳು ಹಿಡಿದು ಕೋಣೆಯೊಳಗೆ ಎಳೆದಳು.

"ಹೇಳೇ. ಹೆಂಗಿದ್ಲು?"

"ಮುಖ ಚೆನ್ನಾಗಿತ್ತು."

"ಅದು ಊರೋರಿಗೆ ಹೇಳೋ ಮಾತು. ಅಮ್ಮಿನೇ ಎಲ್ಲರಿಗೂ ಹೇಳ್ತಿದ್ಲಲ್ಲ. ನಾನು ಹೊಟ್ಟೇಲಿ ಹುಟ್ಟಿದೋಳು ಕಣೇ. ನನಗೂ ಅದೇನಾ?" ಅವಳ ದನಿ ಇಳಿಯಿತು. "ನೋವು ತಿಂದ್ಲಾ?"

ಶಿರೀನ್ ನೆಲ ನೋಡಿದಳು. ಮೇಜಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದರೆ ಖಾಲಾ ಮಾನ ಹೋಗುತ್ತಿತ್ತು. ಮುಚ್ಚಿದರೆ, ಎದುರಿಗೆ ಅದೇ ಮೈಕಟ್ಟು, ಅದೇ ಭುಜ, ಮೂವತ್ತೆಂಟು ವರ್ಷದ ಮಗಳು.

ಅವಳು ರುಬೀನಾಳ ಬಲಗೈ ಹಿಡಿದು, ದುಪಟ್ಟಾದ ಕೆಳಗೆ ಒಯ್ದು, ರುಬೀನಾಳದೇ ಎಡ ಎದೆಯ ಮೇಲೆ ಒತ್ತಿ ಇಟ್ಟಳು. ರುಬೀನಾ ಕಿತ್ತುಕೊಳ್ಳಲು ನೋಡಿದಳು. ಶಿರೀನ್ ಬಿಡಲಿಲ್ಲ. ಬೀದಿಯ ತಿರುವಿನಲ್ಲಿ ಗಂಡಸರ ಕಲಿಮಾ ಸಣ್ಣದಾಗುತ್ತ ಹೋಯಿತು. ರುಬೀನಾಳ ಕಣ್ಣು ಹುಡುಗಿಯ ಮುಖದಲ್ಲೇ ನೆಟ್ಟು ನಿಂತಿತು, ಕೈ ಸಡಿಲವಾಯಿತು, ಸ್ವಲ್ಪ ಹೊತ್ತಿಗೆ, ಬಟ್ಟೆಯ ಮರೆಯಲ್ಲಿ, ಅವಳ ಬೆರಳುಗಳು ತಾವಾಗಿಯೇ ಹುಡುಕತೊಡಗಿದವು.