ಕೋರ್ಟು ಕೊಟ್ಟ ಕೋಣೆ

ಗಿರಿಧರ ಹೆಂಡತಿ ಗೌತಮಿಯನ್ನು ಮನೆಯಿಂದ ಹೊರಗೆ ಹಾಕಿ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಹೆಂಗಸರಿಗೆ ಗಂಡನ ಮನೆಯಲ್ಲಿರುವ ಹಕ್ಕು ಕೊಡುವ ಹೊಸ ಕಾನೂನು ಬಂತು. ಹೊಳೆನರಸೀಪುರದ ಕೋರ್ಟು ಅವಳಿಗೆ ಅದೇ ಮನೆಯ ಹಿಂಬದಿಯ ಕೋಣೆ ಬಿಡಿಸಿಕೊಟ್ಟಿತು. 2007ರ ಬೇಸಿಗೆಯಲ್ಲಿ ಪೊಲೀಸಿನವರು ಜೊತೆಗೆ ಬಂದು, ಅವಳ ಟ್ರಂಕು ಒಳಗಿಡಿಸಿ ಹೋದರು.

ಅತ್ತೆ ರಂಗನಾಯಕಮ್ಮ ರಂಪ ಮಾಡುತ್ತಾರೆಂದು ಗೌತಮಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅವರು ರಂಪ ಮಾಡಲಿಲ್ಲ, ಅವಳತ್ತ ನೋಡಲೂ ಇಲ್ಲ. "ಅಮ್ಮ, ಸ್ವಲ್ಪ ಬಿಸಿನೀರು ಬೇಕಿತ್ತು" ಎಂದರೆ, ಅವಳ ಹಿಂದಿನ ಗೋಡೆ ನೋಡುತ್ತ, "ಗಿರಿ, ಎಲ್ಲಿಂದಲೋ ಗಾಳಿ ಬರ್ತಿದೆ, ಬಾಗಿಲು ಹಾಕೋ" ಎನ್ನುತ್ತಿದ್ದರು. ಗಿರಿಧರ ಬಂದು ಅವಳ ಮುಖಕ್ಕೇ ಬಾಗಿಲು ಹಾಕುತ್ತಿದ್ದ.

ಒಂದು ಬೆಳಿಗ್ಗೆ ಹಾಲು ಹಾಕುವ ಮಾಯಮ್ಮ ಹಿತ್ತಿಲಲ್ಲಿ ಅವಳನ್ನು ಕಂಡು ಕ್ಯಾನು ಕೈಬಿಟ್ಟಳು.

"ಅಯ್ಯೋ ನಮ್ಮವ್ವ! ನೀವು ತೀರೋದ್ರಿ ಅಂದ್ರಲ್ಲ ಅಮ್ಮೋರು! ಪಟಕ್ಕೆ ಊವ ತಂದ್ಕೊಟ್ಟೋಳು ನಾನೇ ಕಣವ್ವ!"

ಗೌತಮಿ ಅವತ್ತೇ ಮೊದಲ ಸಲ ನಡುಮನೆಗೆ ನುಗ್ಗಿದಳು. ತೀರಿಹೋದ ಮಾವನ ಪಟದ ಪಕ್ಕ ಅವಳದೇ ಮದುವೆಯ ಫೋಟೋ. ಕನಕಾಂಬರದ ಹಾರ, ಮುಂದೆ ಉರಿಯುವ ದೀಪ. ಹಾರ ಕಿತ್ತೆಸೆದಳು. ಸಂಜೆಗೆ ಹೊಸದು ಬಂತು. ಯಾರೂ ಬೈಯಲಿಲ್ಲ.

ಬೈಯಲಿ ಎಂದೇ ಅವಳು ಕಾಯತೊಡಗಿದಳು. ಆಚೆ ಯಾರಾದರೂ ಕೆಮ್ಮಲಿ ಎಂದು ತನ್ನ ಸ್ಟೋವಿನಲ್ಲಿ ಹಿಡಿ ಒಣಮೆಣಸಿನಕಾಯಿ ಹುರಿದಳು. ಕಣ್ಣಲ್ಲಿ ನೀರು ಸುರಿದದ್ದು ಅವಳಿಗೊಬ್ಬಳಿಗೇ. ಆಚೆ ತಟ್ಟೆ ಲೋಟದ ಸದ್ದು ನಿಧಾನವಾಗಿ ನಡೆದೇ ಇತ್ತು.

ಮಳೆಗಾಲಕ್ಕೆ ಗಿರಿಧರನ ಅಪೀಲು ಹಾಸನದ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಮನೆ ರಂಗನಾಯಕಮ್ಮನ ಹೆಸರಲ್ಲಿತ್ತು. ಅತ್ತೆಯ ಸ್ವಂತ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲವೆಂದು ದೆಹಲಿಯ ದೊಡ್ಡ ಕೋರ್ಟು ಹೇಳಿತ್ತು. ಆ ತೀರ್ಪನ್ನೇ ಅವನ ವಕೀಲರು ಓದಿದರು.

ಜವಾನ ಅವಳ ಹೆಸರು ಕೂಗಿದ. ಗೌತಮಿ ಎದ್ದು ನಿಂತಳು. ಅವನು ಕಾಗದದಿಂದ ತಲೆಯೆತ್ತದೆ ಮತ್ತೆ ಕೂಗಿದ.

"ಇದೀನಿ!" ಎಂದು ಚೀರಿದಳು. ಕೋರ್ಟೆಲ್ಲ ತಿರುಗಿ ನೋಡಿತು.

ಹಿಂದಿನ ಬೆಂಚಿನಲ್ಲಿದ್ದ ರಂಗನಾಯಕಮ್ಮ ಮಗನ ತೋಳು ಹಿಡಿದುಕೊಂಡರು. ಮುಖ ಬಿಳಿಚಿಕೊಂಡಿತ್ತು. "ಅವಳು ಹೋಗಿ ಆಯ್ತಲ್ಲೋ ಗಿರಿ. ಅವಳನ್ನ ಯಾಕೋ ಕರೀತಾರೆ?"

ತೀರ್ಪು ಅವಳ ವಿರುದ್ಧವಾಯಿತು. ಹೊರಗೆ ಜಗಲಿಯಲ್ಲಿ ಗಿರಿಧರ ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಅಮ್ಮಂಗೆ ಹೇಳು ಮಾರಾಯ್ತಿ, ನೀನು ಬದುಕಿದೀಯ ಅಂತ. ನಾವು ಸುಮ್ನೆ ನಿನ್ನ ಹೆದರಿಸೋಕೆ ಆಡಿದ್ದು, ಅಮ್ಮ ನಿಜ ಅಂತಲೇ ನಂಬ್ಕೊಂಡ್ರು..."

ಗೌತಮಿ ಅತ್ತೆಯ ಹತ್ತಿರ ಹೋದಳು. "ಅಮ್ಮ, ನಾನು ಕಣಮ್ಮ, ಗೌತಮಿ."

ರಂಗನಾಯಕಮ್ಮ ಕಿಟಾರನೆ ಕಿರುಚಿ ಮಗನ ಬೆನ್ನಿಗೆ ಅವಿತುಕೊಂಡರು.

ಗೌತಮಿಯ ವಕೀಲರು, "ಮನೆ ಹೋದ್ರೆ ಹೋಗ್ಲಿ ಬಿಡಮ್ಮ, ಬೇರೆ ಮನೆ ಮಾಡ್ಕೊಳ್ಳೋಕೆ ಗಂಡನಿಂದ ಬಾಡಿಗೆ ಕೇಳೋ ಹಕ್ಕು ಇನ್ನೂ ಇದೆ" ಎಂದರು.

"ಬಾಡಿಗೆನೇ ಕೇಳಿ ಸಾರ್," ಎಂದಳು ಅವಳು. "ಆ ಮನೆಯಲ್ಲಿ ಇನ್ನೊಂದು ತಿಂಗಳು ಇದ್ದಿದ್ರೆ, ನಾನೂ ನಂಬಿಬಿಡ್ತಿದ್ದೆ."